ಹತ್ತು ಕೆಲಸದವನಿಗೆ ನೂರು ಮಂದಿ ಬೇಕು

"ಈಗ ಎಂತ ಮಾಡ್ತಾ ಇದ್ದಿ?" ಪುತ್ತೂರು, ಸುಳ್ಯ, ಕಡಬದ ಯಾವ ಮದುವೆ ಮನೆಗೆ ಹೋದರೂ ಇಪ್ಪತ್ತೈದು ದಾಟಿದ ಹುಡುಗನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವನು, ಬ್ಯಾಂಕಿನಲ್ಲಿರುವವಳು, ಗಲ್ಫಿನಲ್ಲಿ ನರ್ಸ್ ಆಗಿರುವವಳು ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಊಟ ಮುಂದುವರಿಸುತ್ತಾರೆ. ಡಿಗ್ರಿ ಮುಗಿಸಿ ಊರಿಗೇ ಮರಳಿದವನು ತಡವರಿಸುತ್ತಾನೆ. ಅವನು ಅಪ್ಪನ ಎರಡು ಎಕರೆ ಅಡಿಕೆ ತೋಟ ನೋಡಿಕೊಳ್ಳುತ್ತಾನೆ. ಸುತ್ತಲಿನ ಮನೆಗಳ ಪಂಪು ರಿಪೇರಿ ಮಾಡುತ್ತಾನೆ. ನಾಲ್ಕಾರು ಜೇನುಪೆಟ್ಟಿಗೆ ಇಟ್ಟಿದ್ದಾನೆ, ಜಾತ್ರೆಯ ವಿಡಿಯೊ ಮಾಡುತ್ತಾನೆ, ಮಳೆಗಾಲಕ್ಕೆ ಮುಂಚೆ ಅಡಿಕೆ ಮರಗಳಿಗೆ ಮದ್ದು ಬಿಡಲು ಹೋಗುತ್ತಾನೆ, ಊರ ಹಿರಿಯರ ಪಿಂಚಣಿ ಅರ್ಜಿಗಳನ್ನು ಮೊಬೈಲಿನಲ್ಲೇ ತುಂಬಿಕೊಡುತ್ತಾನೆ. ಇಷ್ಟನ್ನೂ ಹೇಳಿ ಮುಗಿಸಲು ಪಂಕ್ತಿಯಲ್ಲಿ ಹೊತ್ತಿಲ್ಲ. "ಹೀಗೇ, ಮನೆಯಲ್ಲೇ" ಎನ್ನುತ್ತಾನೆ. ಕೇಳಿದವರು ಅವನಿಗೆ ಕೆಲಸವಿಲ್ಲ ಎಂದು ತಿಳಿದುಕೊಂಡು ಪಕ್ಕದವರತ್ತ ತಿರುಗುತ್ತಾರೆ.

ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದವರೇ. ಶಾಲೆಯಲ್ಲಿ ಮಾಸ್ಟ್ರು ಹೇಳಿದ್ದು ಅದನ್ನೇ, ಮನೆಯಲ್ಲಿ ಹೇಳಿದ್ದೂ ಅದನ್ನೇ. ಆ ಮಾತಿನಲ್ಲಿ ಹುರುಳಿದೆ, ಮುತ್ತನ್ನು ಕೊಳ್ಳುವವರು ಇರುವ ಪೇಟೆಯಲ್ಲಿ. ಕೊಳ್ಳುವವರೇ ಇಲ್ಲದ ಕಡೆ ಒಂದನ್ನೇ ಹಿಡಿದು ಕುಳಿತವನ ಗತಿ ಏನು, ಹತ್ತನ್ನು ಕಲಿತವನು ಹೇಗೆ ಬದುಕು ಕಟ್ಟಿಕೊಳ್ಳುತ್ತಾನೆ, ಅದಕ್ಕೆ ಅವನ ಸುತ್ತಲಿನ ಜನ ಏನು ಮಾಡಬೇಕಾಗುತ್ತದೆ ಎನ್ನುವುದು ಈ ಬರಹದ ವಿಷಯ. ಇದನ್ನು ಕೆದಂಬಾಡಿಯಿಂದ ನೋಡುವುದು ಸುಲಭ.

ಕೆದಂಬಾಡಿ ಪುತ್ತೂರು ತಾಲ್ಲೂಕಿನ ಗ್ರಾಮ. ಕುಂಬ್ರದಿಂದ ಬೆಳ್ಳಾರೆಗೆ ಹೋಗುವ ರಸ್ತೆಯಲ್ಲಿ ತಿಂಗಳಾಡಿ ಸಿಗುತ್ತದಲ್ಲ, ಅದೇ. ಹೆಸರು ಕೇಳಿದೊಡನೆ ಹಲವರಿಗೆ 1837ರ ರೈತ ಬಂಡಾಯದ ಕೆದಂಬಾಡಿ ರಾಮಯ್ಯ ಗೌಡರು ನೆನಪಾಗುತ್ತಾರೆ, ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರಲ್ಲಿ ಅವರ ಪ್ರತಿಮೆಯೂ ನಿಂತಿದೆ. ಆದರೆ ಅವರ ಕೆದಂಬಾಡಿ ಸುಳ್ಯ ತಾಲ್ಲೂಕಿನ ಉಬರಡ್ಕ ಮಿತ್ತೂರಿನದು, ಬೇರೆ. ಸಾಹಿತ್ಯ ಓದುವವರಿಗೆ ನೆನಪಾಗುವ ಇನ್ನೊಂದು ಹೆಸರು ಕೆದಂಬಾಡಿ ಜತ್ತಪ್ಪ ರೈ. ಕೃಷಿಕರು, ಪಳಗಿದ ಬೇಟೆಗಾರರು, ಆಮೇಲೆ ಕನ್ನಡದಲ್ಲೂ ತುಳುವಿನಲ್ಲೂ ಬರೆದ ಲೇಖಕರು. ‘ಬೇಟೆಯ ನೆನಪುಗಳು’, ‘ಈಡೊಂದು ಹುಲಿಯೆರಡು’ ಓದಿದವರಿಗೆ ಗೊತ್ತು, ಆ ಕೋವಿ ಹಿಡಿದ ಕೈಗೆ ಲೇಖನಿ ಪರಕೀಯವಾಗಿರಲಿಲ್ಲ. ಬೇಟೆ ನಮ್ಮ ಕಡೆ ಒಬ್ಬನ ಕೆಲಸವಾಗಿರಲೇ ಇಲ್ಲ. ಕಾಡು ಸೋಸುವವರು, ನಾಯಿ ಬಿಡುವವರು, ಕಂಡಿಯಲ್ಲಿ ಕೂರುವವರು, ಕೊನೆಗೆ ಮಾಂಸ ಪಾಲು ಹಾಕುವವರು, ಎಲ್ಲರೂ ಸೇರಿದ್ದರು. ರಾತ್ರಿ ಕೂತು ನಡೆದದ್ದನ್ನು ಕತೆಯಾಗಿ ಹೇಳಿಕೊಳ್ಳುವುದೂ ಅದರ ಭಾಗವೇ. ಹಾಗೆ ಕೇಳುವವರು ಇದ್ದ ಕಡೆಯೇ ಬೇಟೆಗಾರನೊಳಗೆ ಕತೆಗಾರ ಬೆಳೆಯಲು ಸಾಧ್ಯ ಎಂದು ನನಗೆ ಅನಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ನಿಂತಿತು. ಜತ್ತಪ್ಪ ರೈಗಳು ಒಂದೇ ಕಸುಬಿನವರಾಗಿದ್ದರೆ ಅವರ ಕತೆ ಅಲ್ಲಿಗೆ ಮುಗಿಯಬೇಕಿತ್ತು.

ಒಂದೇ ಕೆಲಸ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎನ್ನುವುದನ್ನು ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರ ತನ್ನ ಪುಸ್ತಕದಲ್ಲೇ ವಿವರಿಸಿದ್ದ. ಅವನ ಗುಂಡುಸೂಜಿ ಕಾರ್ಖಾನೆಯ ಉದಾಹರಣೆಯನ್ನು ಪಿಯುಸಿ ಅರ್ಥಶಾಸ್ತ್ರ ಓದಿದವರೆಲ್ಲ ಬಲ್ಲರು. ತಂತಿ ಎಳೆಯುವವನೊಬ್ಬ, ನೇರ ಮಾಡುವವನೊಬ್ಬ, ಕತ್ತರಿಸುವವನೊಬ್ಬ, ಹೀಗೆ ಹತ್ತು ಜನ ಕೆಲಸ ಹಂಚಿಕೊಂಡರೆ ದಿನಕ್ಕೆ 48,000 ಸೂಜಿ ಆಗುತ್ತದೆ. ಪಾಠ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ಅದೇ ಪುಸ್ತಕದಲ್ಲಿ ಎರಡು ಅಧ್ಯಾಯ ಮುಂದೆ ಹೋದರೆ ಇನ್ನೊಂದು ಉದಾಹರಣೆ ಇದೆ. ಸ್ಕಾಟ್ಲೆಂಡಿನ ಬೆಟ್ಟದೂರಿನಲ್ಲಿ ಮೊಳೆ ಮಾಡುವುದನ್ನೇ ಕಸುಬಾಗಿ ಹಿಡಿದವನು ದಿನಕ್ಕೆ ಸಾವಿರದಂತೆ ವರ್ಷಕ್ಕೆ ಮೂರು ಲಕ್ಷ ಮೊಳೆ ಮಾಡಬಲ್ಲ. ಆದರೆ ಆ ಊರಿನಲ್ಲಿ ವರ್ಷವಿಡೀ ಸಾವಿರ ಮೊಳೆಯೂ ಖರ್ಚಾಗದು. ಅಂಥ ಕಡೆ ಒಬ್ಬೊಬ್ಬ ರೈತನೂ ತನ್ನ ಮನೆಗೆ ತಾನೇ ಕಟುಕ, ತಾನೇ ರೊಟ್ಟಿ ಸುಡುವವನು. ಮಾರುಕಟ್ಟೆ ಎಷ್ಟು ದೊಡ್ಡದೋ ಕೆಲಸದ ಹಂಚಿಕೆಯೂ ಅಷ್ಟೇ ಎನ್ನುವುದು ಸ್ಮಿತ್ ಕಂಡುಕೊಂಡ ನಿಯಮ.

ತಿಂಗಳಾಡಿಯ ಲೆಕ್ಕವೂ ಇದೇ. ಜೇನು ಮಾತ್ರ, ವೈರಿಂಗ್ ಮಾತ್ರ, ವಿಡಿಯೊ ಮಾತ್ರ ಮಾಡುತ್ತೇನೆಂದರೆ ವರ್ಷದ ಮೂರು ತಿಂಗಳು ಕೆಲಸ, ಒಂಬತ್ತು ತಿಂಗಳು ಕಾಯುವುದು. ಇಲ್ಲಿನ ವರ್ಷವೇ ಹಾಗೆ ತುಂಡುತುಂಡಾಗಿದೆ. ಮೇ ಕೊನೆಗೆ ಮದ್ದು, ಜೂನಿನಿಂದ ಮಳೆ, ಆಟಿಯಲ್ಲಿ ಕೈ ಖಾಲಿ, ದೀಪಾವಳಿಯ ಹೊತ್ತಿಗೆ ಕೊಯ್ಲು, ಬೇಸಗೆಯಲ್ಲಿ ನೀರಿನ ಪಾಡು. ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಯಕ್ಷಗಾನ ಕಲಾವಿದರಲ್ಲಿ ಎಷ್ಟೋ ಮಂದಿ ಮಳೆಗಾಲದಲ್ಲಿ ಕೃಷಿಕರು, ಇನ್ನು ಕೆಲವರು ತಾಳಮದ್ದಳೆಯ ಅರ್ಥಧಾರಿಗಳು, ಮತ್ತೆ ಕೆಲವರು ಮಕ್ಕಳಿಗೆ ನಾಟ್ಯ ಕಲಿಸುವ ಗುರುಗಳು. ಅವರನ್ನು ನಾವು ಕೆಲಸವಿಲ್ಲದವರು ಎಂದು ಎಂದೂ ಕರೆದಿಲ್ಲ. ಪಂಪು ರಿಪೇರಿಯ ಹುಡುಗನಿಗೂ ಅದೇ ನ್ಯಾಯ ಸಲ್ಲಬೇಕು.

ಹತ್ತು ಕೆಲಸ ಎಂದರೆ ಹತ್ತರಲ್ಲೂ ಅರೆಬರೆ ಎಂದು ತಿಳಿಯಬಾರದು. ಮದ್ದು ತಯಾರಿಸುವ ಕೆಲಸವನ್ನೇ ನೋಡಿ. ಮೈಲುತುತ್ತು ಒಂದು ಕಿಲೊ, ಚಿಪ್ಪುಸುಣ್ಣ ಒಂದು ಕಿಲೊ, ನೀರು ನೂರು ಲೀಟರ್. ಹೇಳಲು ಇಷ್ಟೆ. ತುತ್ತನ್ನು ಐವತ್ತು ಲೀಟರಿನಲ್ಲಿ ಬೇರೆ, ಸುಣ್ಣವನ್ನು ಐವತ್ತು ಲೀಟರಿನಲ್ಲಿ ಬೇರೆ ಕರಗಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ತುತ್ತಿನ ನೀರನ್ನು ಸುಣ್ಣದ ತಿಳಿಗೆ ಕಲಕುತ್ತಾ ಹೊಯ್ಯಬೇಕು, ಹಿಂದುಮುಂದು ಮಾಡಿದರೆ ದ್ರಾವಣ ಒಡೆಯುತ್ತದೆ. ಆಮೇಲೆ ಪರೀಕ್ಷೆ. ಚೆನ್ನಾಗಿ ತಿಕ್ಕಿದ ಚೂರಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟು ತೆಗೆಯಬೇಕು. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದು ಅರ್ಥ, ಕೆಂಪು ಕಾಣದಾಗುವವರೆಗೆ ಸುಣ್ಣದ ತಿಳಿ ಸೇರಿಸುತ್ತಾ ಹೋಗಬೇಕು. ಇಲ್ಲವಾದರೆ ಎಳೆಕಾಯಿ ಸುಟ್ಟುಹೋಗುತ್ತದೆ. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1885ರ ಹೊತ್ತಿಗೆ ರೂಪುಗೊಂಡ ಈ ಬೋರ್ಡೊ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್, 1910ರ ಆಸುಪಾಸಿನಲ್ಲಿ. ನೂರು ವರ್ಷ ದಾಟಿದರೂ ಮಳೆಗೆ ಮೊದಲೊಮ್ಮೆ, ನಲವತ್ತು–ನಲವತ್ತೈದು ದಿನ ಕಳೆದು ಇನ್ನೊಮ್ಮೆ ಬಿಡುವ ಕ್ರಮ ಹಾಗೆಯೇ ಉಳಿದಿದೆ.

ಮದ್ದು ಮಾಡಿದವನು ಸರಿಯಾಗಿ ಮಾಡಿದ್ದಾನೋ ಇಲ್ಲವೋ ಎನ್ನುವುದು ಆ ದಿನ ಯಾರಿಗೂ ತಿಳಿಯದು. ಜುಲೈ ಕೊನೆಗೆ ತೋಟದಲ್ಲಿ ನಳ್ಳಿ ಉದುರತೊಡಗಿದಾಗ ತಿಳಿಯುತ್ತದೆ. ಆಗ ದೂರು ಹೇಳಿ ಪ್ರಯೋಜನವಿಲ್ಲ, ವರ್ಷದ ಫಸಲು ಹೋಯಿತು. ಹಾಗಾಗಿ ತೋಟದ ಯಜಮಾನ ಕೆಲಸದವನನ್ನು ಕರೆಯುವ ಮೊದಲು ಹಿಂದಿನ ವರ್ಷ ಅವನು ಯಾರ ತೋಟಕ್ಕೆ ಹೋಗಿದ್ದ ಎಂದು ವಿಚಾರಿಸುತ್ತಾನೆ. ಆ ಮನೆಯವರ ಮಾತೇ ಅವನ ಸರ್ಟಿಫಿಕೇಟು.

ನಾನು ಹೇಳಬೇಕೆಂದಿರುವುದರ ತಿರುಳು ಇಲ್ಲಿದೆ. ಒಂದೇ ವಿದ್ಯೆಯವನ ಪರವಾಗಿ ಅವನ ಪದವಿ ಮಾತಾಡುತ್ತದೆ, ಹುದ್ದೆ ಮಾತಾಡುತ್ತದೆ, ಕಂಪನಿಯ ಹೆಸರು ಮಾತಾಡುತ್ತದೆ. ಅವನು ಹೊಸ ಊರಿಗೆ ಹೋದರೂ ಅವು ಜೊತೆಗೆ ಬರುತ್ತವೆ. ಹತ್ತು ಕೆಲಸದವನ ಪರವಾಗಿ ಮಾತಾಡಲು ಜನ ಬಿಟ್ಟರೆ ಬೇರೆ ಏನೂ ಇಲ್ಲ. ಅವನಿಗೆ ಹೊಸ ಕೆಲಸ ಕಲಿಸುವುದು ಜನ, ಕಲಿತದ್ದನ್ನು ತಿದ್ದುವುದು ಜನ, ಇನ್ನೊಬ್ಬರಿಗೆ ಶಿಫಾರಸು ಮಾಡುವುದೂ ಜನ. ಆದ್ದರಿಂದ ಪರಿಣತನಿಗಿಂತ ಬಹುಮುಖಿಗೇ ಸಮುದಾಯದ ಅಗತ್ಯ ಹೆಚ್ಚು. ಸ್ವತಂತ್ರವಾಗಿ, ಯಾರ ಹಂಗೂ ಇಲ್ಲದೆ ಹತ್ತು ಕೆಲಸ ಮಾಡಿಕೊಂಡಿರುತ್ತೇನೆ ಎಂದು ಊರಿಗೆ ಬಂದ ಕೆಲವು ಹುಡುಗರು ಎರಡು ವರ್ಷದಲ್ಲಿ ಸೋತು ಹಿಂದಿರುಗುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಅವರಿಗೆ ಕೆಲಸ ಗೊತ್ತಿತ್ತು. ಊರಿನ ಪರಿಚಯ ಬೆಳೆಸಿಕೊಳ್ಳಲು ಹೊತ್ತು ಕೊಟ್ಟಿರಲಿಲ್ಲ.

ಬಹುಮುಖತೆ ಎಂದರೆ ಕನ್ನಡಿಗರಿಗೆಲ್ಲ ನೆನಪಾಗುವ ವ್ಯಕ್ತಿ ತಿಂಗಳಾಡಿಗೆ ಹತ್ತಿರದ ಪುತ್ತೂರಿನಲ್ಲೇ ಬದುಕಿದ್ದರು. 1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ಅವರ ಕೈಯಲ್ಲಿ ಯಾವ ಡಿಗ್ರಿಯೂ ಇರಲಿಲ್ಲ. ಪರ್ಲಡ್ಕದ ಬಾಲವನದಲ್ಲಿ ಕೂತು ಸುಮಾರು ನಾಲ್ಕು ದಶಕ ಅವರು ಮಾಡಿದ್ದನ್ನು ಪಟ್ಟಿ ಮಾಡುತ್ತಾ ಹೋದರೆ ಈ ಅಂಕಣ ಸಾಲದು. ಕಾದಂಬರಿ, ನಾಟಕ, ಯಕ್ಷಗಾನ ಸಂಶೋಧನೆ, ಮಕ್ಕಳ ಶಿಕ್ಷಣದ ಪ್ರಯೋಗ, ನಿಘಂಟು, ಚಿತ್ರ. ಒಬ್ಬರೇ ಕೂತು ಬರೆದ ‘ಬಾಲ ಪ್ರಪಂಚ’ದ ಮೂರು ಸಂಪುಟ, ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ. 1948ರಲ್ಲಿ ಬಂದ ಆತ್ಮಕಥೆಗೆ ಅವರಿಟ್ಟ ಹೆಸರೇ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. 1959ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ ಎಂಬ ಅಧ್ಯಯನಕ್ಕೆ. ಜ್ಞಾನಪೀಠ ಬಂದದ್ದು 1977ರಲ್ಲಿ.

ಇವೆಲ್ಲ ಸನ್ಮಾನದ ಭಾಷಣಗಳಲ್ಲಿ ಕೇಳಿ ಕೇಳಿ ನಮಗೆ ಬಾಯಿಪಾಠವಾಗಿವೆ. ಕೇಳದೆ ಉಳಿದ ಪ್ರಶ್ನೆ ಬೇರೆ: ಅವರು ಬದುಕಿದ್ದು ಹೇಗೆ? ಸರ್ಕಾರಿ ಸಂಬಳ ಇರಲಿಲ್ಲ, ವಿಶ್ವವಿದ್ಯಾಲಯದ ಹುದ್ದೆ ಇರಲಿಲ್ಲ. ಪುತ್ತೂರಿನಲ್ಲೇ ಮುದ್ರಣಾಲಯ ಹಾಕಿದರು, ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಮಾಡಿ ತಾವೇ ಮಾರಿದರು. 1936ರಲ್ಲಿ ಜಾತಿ ಮೀರಿ ಅವರ ಕೈಹಿಡಿದ ಲೀಲಾ ಆಳ್ವರು ಮನೆಯನ್ನೂ ಈ ಎಲ್ಲ ಸಾಹಸಗಳನ್ನೂ ಹೊತ್ತರು. ಹಳೆಯ ಭಾಗವತರು, ವೇಷಧಾರಿಗಳು ಎದುರು ಕೂತು ತಮಗೆ ತಿಳಿದದ್ದನ್ನು ಬಿಚ್ಚಿಡದೆ ಹೋಗಿದ್ದರೆ ಯಕ್ಷಗಾನದ ಪುಸ್ತಕ ಆಗುತ್ತಿರಲಿಲ್ಲ. 1943ರ ‘ಬೆಟ್ಟದ ಜೀವ’ದ ಗೋಪಾಲಯ್ಯನಂಥವರು ಕಾಡಿನ ನಡುವೆ ಬಾಗಿಲು ತೆರೆದು ಅನ್ನ ಹಾಕುವ ನಾಡು ಇದು ಎನ್ನುವುದು ಸುಬ್ರಹ್ಮಣ್ಯದ ಸುತ್ತಲಿನ ಮಲೆಗಳಲ್ಲಿ ಓಡಾಡಿದ ಆ ಲೇಖಕನಿಗೆ ಗೊತ್ತಿತ್ತು.

ಪುತ್ತೂರಿನಲ್ಲಿ ಕಾರಂತರ ಬೆನ್ನಿಗಿದ್ದವರಲ್ಲಿ ಮುಖ್ಯರು ಮೊಳಹಳ್ಳಿ ಶಿವರಾಯರು. ವೃತ್ತಿಯಿಂದ ವಕೀಲರು, ನಮ್ಮ ಜಿಲ್ಲೆ ಅವರನ್ನು ಸಹಕಾರಿ ಪಿತಾಮಹ ಎಂದು ಗೌರವಿಸುತ್ತದೆ. ಪುತ್ತೂರಿನ ದಸರಾ ನಾಡಹಬ್ಬ, ಅಲ್ಲಿಗೆ ಬರುತ್ತಿದ್ದ ನಾಡಿನ ಸಾಹಿತಿಗಳು, ಮಕ್ಕಳ ನಾಟಕ ಕುಣಿತ, ಇವುಗಳ ಹಿಂದೆ ಕಾರಂತರ ಕಲ್ಪನೆಗೆ ಜೊತೆಯಾಗಿ ಶಿವರಾಯರ ಸಂಘಟನೆ ಇತ್ತು. ಒಬ್ಬರು ಹತ್ತು ಕನಸು ಕಾಣುವವರು, ಇನ್ನೊಬ್ಬರು ಕುರ್ಚಿ, ಪೆಂಡಾಲು, ಲೆಕ್ಕಪತ್ರ ಸರಿತೂಗಿಸುವವರು. ಪುತ್ತೂರು ಕಾರಂತರನ್ನು ಬೆಳೆಸಿತು ಎಂದು ಹೇಳುವಾಗ ನಾವು ಈ ಎರಡನೆಯವರ ಹೆಸರನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಶಿವರಾಯರ ಕೆಲಸವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಸ್ಮಿತ್ ಹೇಳಿದ ಚಿಕ್ಕ ಮಾರುಕಟ್ಟೆಯ ತೊಡಕಿಗೆ ಉತ್ತರ ಅಲ್ಲಿದೆ. 1904ರ ಸಹಕಾರಿ ಕಾಯಿದೆ ಊರೂರಿನ ಪತ್ತಿನ ಸಂಘಗಳಿಗಷ್ಟೇ ದಾರಿ ಮಾಡಿತ್ತು. ಆ ಸಂಘಗಳೆಲ್ಲ ಸೇರಿ ಮೇಲೊಂದು ಬ್ಯಾಂಕು ಕಟ್ಟಿಕೊಳ್ಳಲು 1912ರ ಕಾಯಿದೆ ಅವಕಾಶ ಕೊಟ್ಟಿತು. ಎರಡೇ ವರ್ಷದಲ್ಲಿ, 1914ರಲ್ಲಿ, ಶಿವರಾಯರ ಮುಂದಾಳತ್ವದಲ್ಲಿ ದಕ್ಷಿಣ ಕನ್ನಡದ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿತು. ಹುಟ್ಟಿದ್ದು ಮಂಗಳೂರಿನಲ್ಲಲ್ಲ, ಪುತ್ತೂರಿನಲ್ಲಿ. ಮಂಗಳೂರಿಗೆ ಹೋದದ್ದು ಆಮೇಲೆ. ಒಬ್ಬೊಬ್ಬನಾಗಿ ಸಾಹುಕಾರನ ಜಗಲಿಯಲ್ಲಿ ನಿಲ್ಲುತ್ತಿದ್ದ ಸಣ್ಣ ಹಿಡುವಳಿದಾರನಿಗೆ ಊರಿನ ಜಾಮೀನಿನ ಮೇಲೆ ಸಾಲ ಸಿಗುವಂತಾಯಿತು. ಆಸ್ತಿಯಷ್ಟೇ ಭರವಸೆಯೂ ಒಂದು ಬಂಡವಾಳ ಎನ್ನುವ ಲೆಕ್ಕ ಅಲ್ಲಿಂದ ಶುರು.

ಅದೇ ಲೆಕ್ಕ 1973ರ ಜುಲೈ 11ರಂದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ–ಕೇರಳ ಎರಡೂ ರಾಜ್ಯದ ಬೆಳೆಗಾರರು ಸೇರಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಆಮೇಲಿನ ಕೊಕ್ಕೊ ಪ್ರಕರಣ. ಅಡಿಕೆ ಮರದ ನೆರಳಿನಲ್ಲಿ ಕೊಕ್ಕೊ ಹಾಕಿ, ಒಂದೇ ಬೆಳೆಯನ್ನು ನೆಚ್ಚಿ ಕೂರಬೇಡಿ ಎಂದು ಇಲಾಖೆಗಳೂ ಕಂಪನಿಗಳೂ ರೈತರನ್ನು ಹುರಿದುಂಬಿಸಿದ್ದವು. ರೈತರು ಹಾಕಿದರು. 1980ರ ಹೊತ್ತಿಗೆ ಲೋಕದ ಮಾರುಕಟ್ಟೆಯಲ್ಲಿ ಬೆಲೆ ಕುಸಿದು ಖಾಸಗಿ ಖರೀದಿ ನಿಂತಿತು. ಕೊಕ್ಕೊ ಹಣ್ಣು ಅಡಿಕೆಯಂತೆ ಸುಲಿದು ಅಟ್ಟದಲ್ಲಿಟ್ಟು ಒಳ್ಳೆಯ ಧಾರಣೆಗೆ ಕಾಯುವ ವಸ್ತುವಲ್ಲ. ಕೊಯ್ದ ಹಸಿಬೀಜ ಬೇಗ ಮಾರಾಟವಾಗಬೇಕು, ಇಲ್ಲವೇ ಕೆಟ್ಟಿತು. ಗಿಡ ಕಡಿಯಲು ಜನ ಕತ್ತಿ ಎತ್ತಿದ್ದರು. ಆಗ ಕ್ಯಾಂಪ್ಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಹಲವು ಬೆಳೆ ಬೆಳೆಯಿರಿ ಎಂದು ರೈತನಿಗೆ ಉಪದೇಶ ಮಾಡುವವರಿಗೆ ಕೊರತೆಯಿಲ್ಲ. ಎರಡನೆಯ ಬೆಳೆಗೆ ಕೊಳ್ಳುವವರನ್ನು ಹುಡುಕಿಕೊಡುವ ಸಂಸ್ಥೆ ಬೆನ್ನಿಗಿಲ್ಲದಿದ್ದರೆ ಆ ಉಪದೇಶ ರೈತನ ಮೇಲೆ ಹೊರಿಸಿದ ಹೊರೆಯಾಗುತ್ತದೆ. ಹಲವು ಕೆಲಸ ಕಲಿಯಿರಿ ಎಂದು ಹುಡುಗರಿಗೆ ಹೇಳುವಾಗಲೂ ಇದನ್ನು ಮರೆಯಬಾರದು.

ಕಲಿಕೆಯ ವಿಷಯಕ್ಕೆ ಬಂದರೆ, ಪುತ್ತೂರಿನಿಂದಲೇ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ಯಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಕೃಷಿಕರೇ ಕಟ್ಟಿದ ಪತ್ರಿಕೆ. ಅದರ ಸಾರಥ್ಯ ವಹಿಸಿದ ಶ್ರೀಪಡ್ರೆಯವರು ಕಾಸರಗೋಡಿನ ವಾಣೀನಗರದವರು, ತಾವೇ ಕೃಷಿಕರು. ‘ಕೃಷಿಕರ ಕೈಗೆ ಲೇಖನಿ’ ಎಂದು ಶಿಬಿರ ಮಾಡಿ ಬೆಳೆಗಾರರಿಗೇ ಬರೆಯಲು ಕಲಿಸಿದರು. ಲೇಖನದ ಜೊತೆ ಆ ಕೃಷಿಕರ ಫೋನ್ ನಂಬರು ಕೊಡುವ ರೂಢಿ ಅವರದು. ಓದಿದವನು ಸಂಜೆ ಫೋನು ಮಾಡುತ್ತಾನೆ, ಅನುಮಾನ ಇದ್ದರೆ ಬಸ್ಸು ಹತ್ತಿ ತೋಟಕ್ಕೇ ಹೋಗುತ್ತಾನೆ. ಬರೆದವನು ಉತ್ಪ್ರೇಕ್ಷೆ ಮಾಡುವಂತಿಲ್ಲ. ನೀರಿಂಗಿಸುವುದು, ಹಲಸಿನ ಮೌಲ್ಯವರ್ಧನೆ, ಅಡಿಕೆ ಸುಲಿಯುವ ಯಂತ್ರ, ಹೀಗೆ ಯಾರಲ್ಲೋ ಇದ್ದ ತಿಳಿವಳಿಕೆ ಇನ್ಯಾರದೋ ಅಂಗಳಕ್ಕೆ ಬಂತು. ಹತ್ತು ಕೆಲಸದವನಿಗೆ ದೊಡ್ಡ ಅಪಾಯ ಎಂದರೆ ತನ್ನ ತಪ್ಪು ತನಗೆ ಗೊತ್ತಾಗದೇ ಇರುವುದು. ಜೇನಿನಲ್ಲಿ ತನಗಿಂತ ಹೆಚ್ಚು ಬಲ್ಲವನು, ವೈರಿಂಗಿನಲ್ಲಿ ತನಗಿಂತ ಹೆಚ್ಚು ಬಲ್ಲವನು ಯಾರು ಎಂದು ಅವನಿಗೆ ತಿಳಿದಿರಬೇಕು, ಸಂಕೋಚವಿಲ್ಲದೆ ಅವರ ಮನೆಗೆ ಹೋಗಿ ಕೇಳುವಷ್ಟು ಒಡನಾಟ ಇರಬೇಕು.

ಸಮುದಾಯ ಎಂದೊಡನೆ ಅದು ಒಳ್ಳೆಯದೇ ಎಂದು ಬರೆದುಬಿಡುವುದು ಅನ್ಯಾಯವಾದೀತು. ಕಾರಂತರ ‘ಚೋಮನ ದುಡಿ’ 1933ರದು. ಚೋಮನಿಗೆ ಕೆಲಸ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎತ್ತು ಸಾಕಿದ್ದ, ದುಡಿ ಬಾರಿಸುತ್ತಿದ್ದ, ಮೈಮುರಿದು ದುಡಿಯುತ್ತಿದ್ದ. ಅವನಿಗಿದ್ದ ಆಸೆ ಒಂದೇ, ತುಂಡು ಗದ್ದೆ ಬೇಸಾಯ ಮಾಡಬೇಕು. ಹೊಲೆಯನಾಗಿ ಹುಟ್ಟಿದ್ದಕ್ಕೆ ಊರು ಅದನ್ನು ಅವನಿಗೆ ಕೊಡಲಿಲ್ಲ. ಯಾವ ಊರು ಒಬ್ಬನ ಪರವಾಗಿ ಮಾತಾಡುತ್ತದೋ ಅದೇ ಊರು ಇನ್ನೊಬ್ಬನ ಬಾಗಿಲು ಮುಚ್ಚಿ ನಿಲ್ಲಬಲ್ಲದು. 1974ರ ಭೂಸುಧಾರಣಾ ತಿದ್ದುಪಡಿ ನಮ್ಮ ಜಿಲ್ಲೆಯ ಗೇಣಿದಾರರ ಬದುಕನ್ನು ತಿರುಗಿಸಿತು ನಿಜ. ಗೇಣಿಯ ಚೀಟಿಯೂ ಇಲ್ಲದೆ ಕೂಲಿಯಾಗಿದ್ದವರಿಗೆ ಅದು ತಲುಪಿದ್ದು ಕಡಿಮೆ. ಅವರ ಮೊಮ್ಮಕ್ಕಳಲ್ಲೇ ಇಂದು ಮದ್ದು ಬಿಡುವವರು, ಕೊನೆಗಾರರು, ಗಾರೆಯವರು ಹೆಚ್ಚು ಎನ್ನುವುದನ್ನು ಯಾರೂ ಎದುರಿಗೆ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿದೆ.

ಇನ್ನು ಹೆಂಗಸರು. ಬೆಳಗ್ಗೆ ದನ ಕರೆದು ಹಾಲಿನ ಸೊಸೈಟಿಗೆ ಕೊಟ್ಟು, ಮಕ್ಕಳನ್ನು ಶಾಲೆಗೆ ಕಳಿಸಿ, ಅಡಿಕೆ ಹೆಕ್ಕಿ, ಮಧ್ಯಾಹ್ನ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟಿ, ಸಂಜೆ ಮಲ್ಲಿಗೆ ಕೊಯ್ದು, ವಾರಕ್ಕೊಮ್ಮೆ ಸ್ವಸಹಾಯ ಸಂಘದ ಲೆಕ್ಕ ಬರೆಯುವ ತಾಯಿಯನ್ನು ಬಹುಮುಖಿ ಎಂದು ಯಾರಾದರೂ ಕರೆದದ್ದುಂಟೇ? ಅವಳ ಈ ಎಲ್ಲ ಕೆಲಸಗಳಲ್ಲಿ ಅವಳ ಹೆಸರಿನಲ್ಲಿ ಕಾರ್ಡು, ಪಿ.ಎಫ್. ಇದ್ದದ್ದು ಬೀಡಿಗೆ ಮಾತ್ರ. ಕಾರಣ, ಬೀಡಿ ಕಾರ್ಮಿಕರು ಸಂಘಟಿತರಾಗಿ ಹೋರಾಡಿದರು, 1966ರಲ್ಲಿ ಅವರಿಗಾಗಿಯೇ ಕಾನೂನು ಬಂತು, ಮನೆಯಲ್ಲಿ ಕೂತು ಕಟ್ಟಿದರೂ ಕಾರ್ಮಿಕಳೇ ಎಂದು ಕಾನೂನು ಒಪ್ಪಿತು. ನಮ್ಮ ಕಡೆಯ ಎಷ್ಟೋ ಮಕ್ಕಳ ಶಾಲೆಯ ಫೀಸು, ಎಷ್ಟೋ ಮನೆಗಳ ಹೆಂಚು ಆ ಬೀಡಿ ಬ್ರಾಂಚಿನ ದುಡ್ಡಿನಿಂದ ಬಂದದ್ದು. ಬೀಡಿ ಆರೋಗ್ಯಕ್ಕೆ ಹಾಳು, ಸೇದುವವನಿಗೂ ಕಟ್ಟುವವಳಿಗೂ. ಆ ಕೆಲಸ ಈಗ ಕಡಿಮೆಯಾಗುತ್ತಾ ಬಂದಿದೆ, ಕಡಿಮೆಯಾಗಬೇಕಾದದ್ದೇ. ಆದರೆ ಅದರೊಂದಿಗೆ ಹೋಗುತ್ತಿರುವ ಕಾರ್ಡು ಮತ್ತು ಪಿ.ಎಫ್.ಗೆ ಬದಲಾಗಿ ಉಳಿದ ಒಂಬತ್ತು ಕೆಲಸಗಳಲ್ಲಿ ಯಾವುದೂ ಏನನ್ನೂ ಕೊಡುತ್ತಿಲ್ಲ. ಹತ್ತು ಕೆಲಸದ ಬದುಕಿನ ದೊಡ್ಡ ಬಿರುಕು ಇದೇ ಎಂದು ನಾನು ತಿಳಿದಿದ್ದೇನೆ.

ಊರಲ್ಲೇ ಉಳಿ ಎಂದು ಹುಡುಗರಿಗೆ ಸುಮ್ಮನೆ ಹೇಳುವ ಧೈರ್ಯ ಆದ್ದರಿಂದಲೇ ನನಗಿಲ್ಲ. ಉಳಿಯಲು ನಿಶ್ಚಯಿಸಿದವರಿಗೆ ಮಾತ್ರ ಕೆಲವು ಮಾತು. ಹತ್ತನ್ನು ಒಟ್ಟಿಗೆ ಶುರು ಮಾಡಬೇಡಿ. ಊರು ಮೊದಲು ನಿಮ್ಮನ್ನು ಒಂದು ಕೆಲಸಕ್ಕೆ ಗುರುತಿಸಬೇಕು, ಪಂಪಿನವನು ಎಂದೋ ಜೇನಿನವಳು ಎಂದೋ. ಅದನ್ನು ತಳಮಟ್ಟ ಕಲಿಯಿರಿ. ಪಂಪು ನೋಡಲು ಹೋದವನಿಗೆ ಆ ಮನೆಯ ಸ್ಪ್ರಿಂಕ್ಲರ್, ಆಮೇಲೆ ಸೋಲಾರ್, ಆಮೇಲೆ ಸಿ.ಸಿ. ಕ್ಯಾಮೆರಾ ತಾನಾಗಿ ಕೈಗೆ ಬರುತ್ತದೆ. ಹೀಗೆ ಒಂದರಿಂದ ಒಂದು ಕವಲೊಡೆದ ಕೆಲಸ ಬಾಳುತ್ತದೆ. ಮಾಡಿದ ಕೆಲಸ, ದಿನ, ತೆಗೆದುಕೊಂಡ ದುಡ್ಡು ಒಂದು ಪುಸ್ತಕದಲ್ಲಿ ಬರೆದಿಡಿ. ಅದು ಮುಂದೆ ಎಷ್ಟು ಬೆಲೆಬಾಳುತ್ತದೆ ಎನ್ನುವುದಕ್ಕೆ ಕೆಳಗೆ ಬರುತ್ತೇನೆ. ಮತ್ತೆ, ದುಡ್ಡು ಕೇಳಿ. "ನಮ್ಮ ಹುಡುಗನೇ ಅಲ್ವಾ ಮಾರಾಯ" ಎಂದು ಬೆನ್ನು ತಟ್ಟಿ ಚಹಾ ಕೊಟ್ಟು ಕಳಿಸುವ ದೊಡ್ಡವರು ಪ್ರತಿ ಊರಿನಲ್ಲೂ ಇದ್ದಾರೆ. ಶ್ರಮದಾನ ಬೇರೆ, ಕೂಲಿ ಬೇರೆ. ಶಾಲೆಯ ಬಾವಿ ಶುಚಿ ಮಾಡಲು, ಬ್ರಹ್ಮಕಲಶದ ಚಪ್ಪರ ಹಾಕಲು, ತೋಡಿಗೆ ಕಟ್ಟ ಕಟ್ಟಲು ಎಲ್ಲರಿಗಿಂತ ಮುಂಚೆ ಹೋಗಿ, ಅಲ್ಲಿ ಸಿಗುವ ಪರಿಚಯ ಬೇರೆಲ್ಲೂ ಸಿಗದು. ಯಜಮಾನರ ಮನೆಯ ಮೋಟರಿಗೆ ಮಾತ್ರ ಬಿಲ್ಲು ಕೊಡಿ.

ಊರಿನವರು ಮಾಡಬೇಕಾದದ್ದೂ ಇದೆ, ಅದನ್ನು ಸೊಸೈಟಿಯಿಂದಲೇ ಆರಂಭಿಸಬಹುದು. ಇಂದು ನಮ್ಮ ಸಹಕಾರಿ ಸಂಘಗಳಲ್ಲಿ ಬಡ್ಡಿಯಿಲ್ಲದ ಬೆಳೆಸಾಲ ಸಿಗುವುದು ಜಮೀನಿನ ಪಹಣಿಯಾದ ಆರ್‌ಟಿಸಿಯ ಮೇಲೆ. ಅಡಿಕೆ ಮರ ಹತ್ತದೆ ನೆಲದಲ್ಲೇ ನಿಂತು ಮದ್ದು ಬಿಡುವ, ಕೊಯ್ಯುವ ಕಾರ್ಬನ್ ಫೈಬರ್ ದೋಟಿಗೆ ಹತ್ತಾರು ಸಾವಿರ ರೂಪಾಯಿ ಬೀಳುತ್ತದೆ. ಅದಕ್ಕೆ ಸಬ್ಸಿಡಿ ಕೇಳಲು ಹೋದರೂ ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಬೇಕು, ಅದರ ಹಿಂದೆ ಮತ್ತೆ ಆರ್‌ಟಿಸಿ. ದೋಟಿ ಹಿಡಿದು ಇಪ್ಪತ್ತು ತೋಟ ಸುತ್ತುವವನ ಹೆಸರಿನಲ್ಲಿ ಐದು ಸೆಂಟ್ಸ್ ಜಾಗ ಇದ್ದರೆ ಹೆಚ್ಚು. ಹಾಗಾಗಿ ದೋಟಿ ತೋಟದವನ ಕೊಟ್ಟಿಗೆಯಲ್ಲಿರುತ್ತದೆ, ಕೆಲಸ ಬಲ್ಲವನು ಬರಿಗೈಯಲ್ಲಿರುತ್ತಾನೆ. ನೂರು ವರ್ಷದ ಹಿಂದೆ ಶಿವರಾಯರು ಊರಿನ ಜಾಮೀನನ್ನು ನೆಚ್ಚಿ ಸಾಲ ಕೊಡುವ ಪದ್ಧತಿ ಕಟ್ಟಿದ್ದು ಪುತ್ತೂರಿನಲ್ಲೇ ಅಲ್ಲವೇ? ಮೂರು ಹಂಗಾಮಿನ ಕೆಲಸದ ಪುಸ್ತಕ, ಅದಕ್ಕೆ ಸಾಕ್ಷಿಯಾಗಿ ಆತ ಕೆಲಸ ಮಾಡಿದ ತೋಟಗಳ ಇಬ್ಬರು ಸದಸ್ಯರ ಸಹಿ, ಇಷ್ಟರ ಮೇಲೆ ಉಪಕರಣಕ್ಕೊಂದು ಸಣ್ಣ ಸಾಲ ಕೊಡಲು ಮನಸ್ಸು ಮಾಡಬೇಕು. ಮರ ಹತ್ತುವವರಿಗೆ, ಮದ್ದು ಬಿಡುವವರಿಗೆ ಗುಂಪು ಅಪಘಾತ ವಿಮೆ ಮಾಡಿಸಿ ಅದರ ಕಂತಿನಲ್ಲಿ ಒಂದು ಪಾಲನ್ನು ಸಂಘದ ಲಾಭದಿಂದ ತೆಗೆಯಬೇಕು. ಬೋರ್ಡೊ ಬಿಡುವ ಒಬ್ಬ ಯುವಕ ತೋಟದಲ್ಲಿ ಬಿದ್ದು ಬೆನ್ನು ಮುರಿದುಕೊಂಡರೆ ಈಗ ನಡೆಯುವುದು ವಾಟ್ಸ್‌ಆ್ಯಪಿನಲ್ಲಿ ಫೋಟೊ ಹಾಕಿ ಹಣ ಸಂಗ್ರಹ. ಜನ ಉದಾರವಾಗಿ ಕೊಡುತ್ತಾರೆ, ಅದು ನಮ್ಮೂರಿನ ದೊಡ್ಡ ಗುಣ. ಆದರೆ ಗಾಯಾಳುವಿನ ಮನೆಯವರು ಕೈಚಾಚಿ ನಿಲ್ಲುವ ಮೊದಲೇ ಆ ಹಣ ವಿಮೆಯಾಗಿ ಬರುವಂತೆ ಮಾಡುವುದು ನಮಗೆ ಸಾಧ್ಯವಿದೆ.

ಸೊಸೈಟಿಗಳ ವಾರ್ಷಿಕ ಮಹಾಸಭೆ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ವರದಿ ಓದಿ, ಡಿವಿಡೆಂಡ್ ಘೋಷಿಸಿ, ಊಟಕ್ಕೆ ಏಳುವ ಮೊದಲು ಸದಸ್ಯರಿಗೆ ವಿಷಯ ಎತ್ತಲು ಅವಕಾಶವಿರುತ್ತದೆ. ಈ ಎರಡು ಬೇಡಿಕೆಗಳನ್ನು, ಸಾಲದ್ದು ಮತ್ತು ವಿಮೆಯದು, ಬರವಣಿಗೆಯಲ್ಲಿ ಮುಂಚಿತವಾಗಿ ಕೊಟ್ಟು ಕಾರ್ಯಸೂಚಿಗೆ ಸೇರಿಸುವಂತೆ ಆಡಳಿತ ಮಂಡಳಿಯನ್ನು ಕೇಳಬಹುದು. ಆ ಅರ್ಜಿಗೆ ಮೊದಲ ಸಹಿಯನ್ನು ತೋಟ ಇರುವವರೇ ಹಾಕಬೇಕು.